ಹೆರಿಗೆ ಮಾಡಿಸುವವರ ಓದು ಮುಗಿಯುವುದಿಲ್ಲ

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಭಯದಿಂದಲೇ ಇಂದು ನೀವು ಮನೆಯ ಮಗಳನ್ನೋ ಸೊಸೆಯನ್ನೋ ನೋವು ಕಾಣಿಸಿಕೊಂಡ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುತ್ತೀರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಜನ ತಮ್ಮ ಪಾಲಿನ ಕರ್ತವ್ಯವನ್ನು ಮಾಡಿದ್ದಾರೆ. ಆದರೂ 2018-20ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 69 ತಾಯಂದಿರು ಸಾವನ್ನಪ್ಪಿದರು. ಅದೇ ಅವಧಿಯಲ್ಲಿ ನೆರೆಯ ಕೇರಳದಲ್ಲಿ ಈ ಸಂಖ್ಯೆ 19. ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ ಆಸ್ಪತ್ರೆಯ ಬಾಗಿಲಿನ ಒಳಗಿನದು. ಅಲ್ಲಿ ಹೆರಿಗೆ ಮಾಡಿಸುವ ಕೈಗಳು ಎಷ್ಟು ಪಳಗಿವೆ? ಅವು ಕೊನೆಯ ಬಾರಿ ಹೊಸದನ್ನು ಕಲಿತದ್ದು ಯಾವಾಗ?

ಬದಲಾದ ಪಾಠಗಳು

ಇಪ್ಪತ್ತೈದು ವರ್ಷಗಳ ಹಿಂದೆ ತರಬೇತಿ ಶಾಲೆಯಲ್ಲಿ ಕಲಿತದ್ದರಲ್ಲಿ ಹಲವು ಸಂಗತಿಗಳು ಇಂದು ಬದಲಾಗಿವೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಕತ್ತರಿಸುವುದು ಆಗಿನ ಪದ್ಧತಿ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಕನಿಷ್ಠ ಒಂದು ನಿಮಿಷ ಕಾಯಬೇಕು ಎಂಬುದು ಈಗಿನ ಸಲಹೆ. ಅಷ್ಟರಲ್ಲಿ ಬಳ್ಳಿಯಲ್ಲಿರುವ ರಕ್ತ ಮಗುವಿಗೆ ಹರಿದು, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಒದಗುತ್ತದೆ. ಚೊಚ್ಚಲ ಹೆರಿಗೆ ಎಂದ ಮಾತ್ರಕ್ಕೆ ಯೋನಿದ್ವಾರವನ್ನು ಕೊಯ್ದು ಹೊಲಿಗೆ ಹಾಕುವುದು, ಮಗು ಬೇಗ ಬರಲೆಂದು ಮೇಲಿನಿಂದ ಹೊಟ್ಟೆಯನ್ನು ಒತ್ತುವುದು, ಇವೆರಡೂ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಬೇಕೆಂದು 2022ರಲ್ಲಿ ಅದೇ ಸಂಸ್ಥೆ ತಿಳಿಸಿತು.

ಎಲ್ಲಕ್ಕಿಂತ ಮುಖ್ಯವಾದುದು ಹೆರಿಗೆಯ ನಂತರದ ರಕ್ತಸ್ರಾವ. ಎಷ್ಟು ರಕ್ತ ಹೋಯಿತೆಂಬುದನ್ನು ಕಣ್ಣಂದಾಜಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಈ ಅಂದಾಜು ಅನುಭವಿಗಳಲ್ಲೂ ತಪ್ಪುತ್ತದೆ. ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ತಾಂಜಾನಿಯ ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು ರಕ್ತವನ್ನು ಅಳೆದರು. ಮಿತಿ ಮೀರಿದೊಡನೆ ಗರ್ಭಕೋಶವನ್ನು ತೀಡುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಒಟ್ಟಿಗೇ ಆರಂಭಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ 60ರಷ್ಟು ಇಳಿದವು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಒಂದು ಹಾಳೆ, ಕೆಲವು ಔಷಧಿಗಳು, ತರಬೇತಿ ಪಡೆದ ಸಿಬ್ಬಂದಿ, ಅಷ್ಟೆ.

ಒಂದು ಸಣ್ಣ ಲೆಕ್ಕ

ಇನ್ನು ಕಲಿತದ್ದು ಮರೆಯುವ ಪ್ರಶ್ನೆ. ನೂರು ಶಿಶುಗಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡುತ್ತವೆ. ಹತ್ತಕ್ಕೆ ಒರೆಸಿ, ಬೆನ್ನು ಸವರಿದರೆ ಸಾಕು. ಉಳಿದ ಐದಕ್ಕೆ ಚೀಲ ಮತ್ತು ಮುಖವಾಡದಿಂದ ಉಸಿರು ತುಂಬಬೇಕು, ಅದೂ ಮೊದಲ ಒಂದು ನಿಮಿಷದೊಳಗೆ. ತಿಂಗಳಿಗೆ ಹತ್ತು ಹೆರಿಗೆಯಾಗುವ ಪ್ರಾಥಮಿಕ ಆರೋಗ್ಯ ಕೇಂದ್ರವೊಂದನ್ನು ತೆಗೆದುಕೊಳ್ಳಿ. ಅಲ್ಲಿ ವರ್ಷಕ್ಕೆ ಇಂಥ ಮಕ್ಕಳು ಸುಮಾರು ಆರು. ಮೂವರು ನರ್ಸ್‌ಗಳು ಪಾಳಿಯ ಮೇಲೆ ಕೆಲಸ ಮಾಡಿದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಎರಡು. ವರ್ಷಕ್ಕೆ ಎರಡು ಬಾರಿ ಮಾತ್ರ ಮಾಡುವ ಕೆಲಸ ಯಾರ ಕೈಗಾದರೂ ಹೇಗೆ ಹತ್ತಬೇಕು? 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಈ ವಿದ್ಯೆಯನ್ನು ಎರಡು ದಿನಗಳಲ್ಲಿ ಕಲಿಸುತ್ತದೆ. ಒಳ್ಳೆಯದೇ. ಆದರೆ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಈ ಕೌಶಲ ಮಸುಕಾಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಗೊಂಬೆಯ ಮೇಲೆ ಕೈಯಾಡಿಸುವುದು ವರ್ಷಕ್ಕೊಮ್ಮೆ ಎರಡು ದಿನ ಕುಳಿತು ಕೇಳುವುದಕ್ಕಿಂತ ಮೇಲು.

ಸಭಾಂಗಣದ ಶಿಕ್ಷಣ ಸಾಲದು

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಗಂಟೆ ಎಣಿಸುವುದು ಸುಲಭ. ಕೈಚಳಕ ಅಳೆಯುವುದು ಕಷ್ಟ. ನಗರದ ಸಭಾಂಗಣದಲ್ಲಿ ಉಪನ್ಯಾಸ ಕೇಳಿ, ಊಟ ಮಾಡಿ, ಪ್ರಮಾಣಪತ್ರ ತಂದರೆ ಲೆಕ್ಕ ಭರ್ತಿಯಾಗುತ್ತದೆ. ಅತ್ತ ರಾತ್ರಿ ಪಾಳಿಯಲ್ಲಿ ಒಬ್ಬಳೇ ಹೆರಿಗೆ ಮಾಡಿಸುವ ನರ್ಸ್ ತರಬೇತಿಗೆ ಹೋದರೆ ಅವಳ ಜಾಗಕ್ಕೆ ಬರುವವರಾರು? ಹೆಚ್ಚು ಕಲಿಯಬೇಕಾದವಳಿಗೇ ಬಿಡುವಿಲ್ಲ.

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲಿಯೇ ಸಿಕ್ಕಿದೆ. ಬಳ್ಳಾರಿ ಮತ್ತು ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗಳಲ್ಲಿ 'ಸುಕ್ಷೇಮ' ಯೋಜನೆಯಡಿ ಪಳಗಿದ ನರ್ಸ್‌ಗಳೇ ಮಾರ್ಗದರ್ಶಕಿಯರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಲ್ಲಿನವರ ಜೊತೆಗಿದ್ದು ಕಲಿಸಿದರು. ಮಾರ್ಗದರ್ಶಕಿಯರು ಹೋಗದ ಕೇಂದ್ರಗಳಿಗಿಂತ ಹೋದ ಕೇಂದ್ರಗಳಲ್ಲಿ ಸಿದ್ಧತೆಯೂ ಆರೈಕೆಯ ರೀತಿಯೂ ಉತ್ತಮಗೊಂಡವು. ಪಾಠವೇ ಹೆರಿಗೆ ಕೊಠಡಿಗೆ ಬಂದರೆ ನರ್ಸ್ ಕೆಲಸ ಬಿಟ್ಟು ಹೋಗಬೇಕಾಗಿಲ್ಲ.

ಹಾಗೆಂದು ತರಬೇತಿಯೊಂದೇ ಸಂಜೀವಿನಿಯಲ್ಲ. ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಮಾರ್ಗದರ್ಶಕರು ಇದ್ದಷ್ಟು ದಿನ ಸಿಬ್ಬಂದಿಯ ಕೆಲಸ ಸುಧಾರಿಸಿತು, ಅವರು ಹೋದ ಮೇಲೆ ಕುಗ್ಗಿತು. ಸಾವುಗಳು ಮಾತ್ರ ಇಳಿಯಲಿಲ್ಲ. ರಕ್ತ, ಔಷಧಿ, ಸಾಕಷ್ಟು ಸಿಬ್ಬಂದಿ, ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನ ಇಲ್ಲದೆ ಬರೀ ಕೌಶಲ ಏನು ಮಾಡೀತು? ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಫ್ರಿಜ್ ಕೆಟ್ಟಿದ್ದರೆ ಎಷ್ಟು ಕಲಿತ ನರ್ಸ್ ಆದರೂ ಅಸಹಾಯಕಳು. ಆದ್ದರಿಂದ ಸರ್ಕಾರ ಎರಡನ್ನೂ ಒಟ್ಟಿಗೆ ಕೊಡಬೇಕು. ಮಾರ್ಗದರ್ಶಕಿಯರನ್ನು ಒಂದು ಯೋಜನೆಯ ಅವಧಿಗೆಂದಲ್ಲ, ಕಾಯಂ ಆಗಿ ನೇಮಿಸಬೇಕು.

ನೀವೇನು ಮಾಡಬಹುದು?

ಏಳನೇ ತಿಂಗಳಿನಲ್ಲಿಯೇ ನೀವು ಆರಿಸಿಕೊಂಡ ಆಸ್ಪತ್ರೆಗೆ ಹೋಗಿ ವಿನಯದಿಂದ ವಿಚಾರಿಸಿ. ರಾತ್ರಿ ಹೆರಿಗೆ ಮಾಡಿಸುವವರು ಯಾರು? ಉಸಿರಾಡದ ಮಗುವಿಗೆ ಉಸಿರು ಕೊಡುವ ತರಬೇತಿ ಅವರಿಗೆ ಆಗಿದೆಯೇ? ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ? ಯಾರಾದರೂ ಹೊಟ್ಟೆ ಒತ್ತಲು ಬಂದರೆ ಏಕೆಂದು ಕೇಳಿ. ಮನೆಯವರಾಗಿ ನೀವೂ ಬೇಗ ಒತ್ತಿ ಮುಗಿಸಿ ಎಂದು ಅವಸರಪಡಿಸಬೇಡಿ. ನಿಮ್ಮೂರಿನ ಆರೋಗ್ಯ ಕೇಂದ್ರದ ನರ್ಸ್ ತರಬೇತಿಗೆ ಹೋದ ದಿನ ಬದಲಿ ವ್ಯವಸ್ಥೆ ಎಲ್ಲಿ ಎಂದು ಅಧಿಕಾರಿಗಳನ್ನು ಕೇಳಿ, ಕಲಿಯಲು ಹೋದವಳ ಮೇಲೆ ಸಿಟ್ಟಾಗಬೇಡಿ. ಅವಳು ಕಲಿತು ಬಂದರೆ ಲಾಭ ನಿಮ್ಮ ಮನೆಯ ಬಾಣಂತಿಗೆ, ಮಗುವಿಗೆ.