ಹಿತ್ತಿಲ ವಿಚಾರ: ಉಪವಾಸದ ತೊಟ್ಟಿ

ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಗಿಡಗಳನ್ನು ಮನೆಯ ಹಿತ್ತಿಲಲ್ಲಿ ಬೆಳೆಸಲಾದೀತೆ ಎಂದು ವಾಚಕರೊಬ್ಬರು ಕೇಳಿರುವರು. ಬೆಳೆಸಬಹುದು, ಆದರೆ ಕೊಲ್ಲುವುದು ಅದಕ್ಕಿಂತಲೂ ಸುಲಭ. ಒಂದು ಕುಂಡದ ಗಿಡಗಳನ್ನು ನಾವೇ ಕೈಯಾರೆ ಕೊಂದಿರುವೆವಾದ ಕಾರಣ ಈ ವಿಷಯದಲ್ಲಿ ಮಾತನಾಡಲು ನಮಗೆ ಅಧಿಕಾರವುಂಟು.

ಮೂರು ವರ್ಷಗಳ ಹಿಂದೆ ಮೊಮ್ಮಗಳ ಹಟಕ್ಕೆ ಮಣಿದು ಡ್ರೊಸೆರಾ ಎಂಬ ಗಿಡದ ಆರು ಸಸಿಗಳನ್ನು ತರಿಸಿದೆವು. ಕಾಸಿನಗಲದ ಕೆಂಪು ಚಕ್ರ. ಎಲೆಯ ಮೇಲಣ ಪ್ರತಿಯೊಂದು ರೋಮದ ತುದಿಯಲ್ಲಿಯೂ ಒಂದೊಂದು ಅಂಟಿನ ಹನಿ. ಹೊತ್ತೇರಿದರೂ ಆರದ ಇಬ್ಬನಿಯಂತೆ ಅದು ಹೊಳೆಯುವುದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೂ ಇಬ್ಬನಿಯಿಂದ ತೊಯ್ದುದೆಂದೇ ಅರ್ಥ. ಸಸಿಗಳು ಬಡಕಲಾಗಿ ಕಂಡುವು. ನಮಗೆ ಕನಿಕರ ಹುಟ್ಟಿತು. ಮಣ್ಣಿನ ಕುಂಡದಲ್ಲಿ ಕೆಮ್ಮಣ್ಣು ತುಂಬಿ, ಹಳೆಯ ಹಟ್ಟಿಗೊಬ್ಬರವನ್ನು ಬೆರಸಿ, ದಿನವೂ ಕೊಳವೆಬಾವಿಯ ನೀರೆರೆದೆವು. ಹದಿನೈದು ದಿನಗಳಲ್ಲಿ ಹನಿಗಳು ಆರಿದುವು. ತಿಂಗಳಾಗುವಷ್ಟರಲ್ಲಿ ಆರೂ ಕಪ್ಪಾದುವು. “ತಾತಾ, ಊಟ ಸಾಲದೆ ಸತ್ತುವೆ?” ಎಂದು ಮಗು ಕೇಳಿತು. ಅಹುದೆಂದು ಹೇಳಿಬಿಟ್ಟೆವು. ಮೂವತ್ತು ವರ್ಷ ಪಾಠ ಹೇಳಿದವರ ಉತ್ತರವು ತಲೆಕೆಳಗಾಗಿತ್ತೆಂಬುದು ಆಮೇಲೆ ತಿಳಿಯಿತು.

ಈ ಗಿಡಗಳ ತವರನ್ನು ನೋಡಿದವರು ಆ ತಪ್ಪನ್ನು ಮಾಡಲಾರರು. ದಕ್ಷಿಣ ಕನ್ನಡದ ಪದವುಗಳಲ್ಲಿ ಮುರಕಲ್ಲಿನ ಮೇಲೆ ಬೆರಳುದ್ದವೂ ಮಣ್ಣಿರದು. ಮಳೆಗಾಲದಲ್ಲಿ ನೀರು ಜಿನುಗುತ್ತಲೇ ಇದ್ದು, ನೆಲದ ಸಾರವನ್ನೆಲ್ಲ ತೊಳೆದುಕೊಂಡು ಹೋಗುವುದು. ಬೇರೆ ಗಿಡಗಳು ಬಾಳಲಾರದ ಆ ಬಡನೆಲದಲ್ಲಿ ಡ್ರೊಸೆರಾ ಬೇರಿನಿಂದ ನೀರನ್ನು ಕುಡಿದು, ಸಾರಜನಕ ರಂಜಕಗಳನ್ನು ನುಸಿಗಳಿಂದ ಪಡೆಯುವುದು. ಅದರ ಬೇರು ಗೊಬ್ಬರದ ಲವಣಗಳನ್ನು ಸಹಿಸದು. ಡಾರ್ವಿನ್ನನು 1875ರಲ್ಲಿ ಈ ಜಾತಿಯ ಗಿಡಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. 1878ರಲ್ಲಿ ಅವನ ಮಗ ಫ್ರಾನ್ಸಿಸನು, ಎಲೆಗೆ ಮಾಂಸದ ಚೂರು ದೊರೆತ ಗಿಡಗಳು ದೊರೆಯದವುಗಳಿಗಿಂತ ಹೆಚ್ಚು ಬೀಜ ಕಟ್ಟುವುದನ್ನು ತೋರಿಸಿದನು. ಎಲೆಗೆ ಆಹಾರವಾದುದೇ ಬೇರಿಗೆ ವಿಷವಾಗುವುದು ವಿಚಿತ್ರವಲ್ಲವೆ?

ವೈದ್ಯಶಾಸ್ತ್ರದವರು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಭಾಗಿಸುವರು. ನಮ್ಮ ತುಮಕೂರಿನ ಸೀಮೆಯು ಒಣಗಿದ ಜಾಂಗಲವೇ ಸರಿ. ಇಲ್ಲಿ ಒಂದು ತೊಟ್ಟಿಯಷ್ಟು ಆನೂಪವನ್ನು ನಿರ್ಮಿಸಬೇಕು. ಮಣ್ಣಿನ ಕುಂಡವು ಬೇಡ. ಅದರ ಮೈಯಲ್ಲಿ ಲವಣಗಳು ಸೇರಿಕೊಳ್ಳುವುವು. ಒಂದಡಿ ಆಳದ ಪ್ಲಾಸ್ಟಿಕ್ ತೊಟ್ಟಿಯನ್ನು ತೆಗೆದುಕೊಂಡು, ತಳಕ್ಕೆ ತೂತು ಮಾಡದೆ, ಮಣ್ಣಿನ ಮಟ್ಟಕ್ಕೆ ಮೂರು ಅಂಗುಲ ಕೆಳಗೆ ಪಕ್ಕದಲ್ಲಿ ಒಂದು ತೂತನ್ನು ಕೊರೆಯತಕ್ಕದ್ದು. ಹೆಚ್ಚಿನ ಮಳೆನೀರು ಅಲ್ಲಿಂದ ಹೊರಬೀಳುವುದು. ಕೆಳಗೆ ಸದಾ ತೇವವಿರುವುದು. ಮೇಲೆ ನೀರು ನಿಂತು ಸೊಳ್ಳೆ ಮರಿಮಾಡುವುದಿಲ್ಲ. ತುಂಬಲು ಪೀಟ್ ಎಂಬ ಪಾಚಿಯ ಪುಡಿಯನ್ನು ಪುಸ್ತಕಗಳು ಹೇಳುವುವು. ಅದು ಶೀತದೇಶಗಳ ಜೌಗಿನಲ್ಲಿ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಕಟ್ಟುವ ವಸ್ತು. ಒಂದು ಜೌಗನ್ನು ಕೆಡಿಸಿ ಇನ್ನೊಂದನ್ನು ಮಾಡುವುದು ನಮಗೆ ಸರಿದೋರಲಿಲ್ಲ. ತೆಂಗಿನ ಸೀಮೆಯವರಿಗೆ ನಾರಿನ ಪುಡಿಯು ಬಾಗಿಲಲ್ಲಿಯೇ ಸಿಕ್ಕುವುದಷ್ಟೆ. ಅದರಲ್ಲಿ ಉಪ್ಪಿರುವುದರಿಂದ ಮಳೆನೀರಿನಲ್ಲಿ ನೆನೆಹಾಕಿ ಹಿಂಡಿ, ಏಳೆಂಟು ಸಲ ತೊಳೆದು, ಸಮಭಾಗ ಬೆಣಚುಗಲ್ಲಿನ ಮರಳನ್ನು ಬೆರಸಿದೆವು. ಸುಣ್ಣದಂಶವುಳ್ಳ ಮರಳು ಸಲ್ಲದು.

ನೀರಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಕೂಡದು. ಮಳೆಯ ನೀರು ಉತ್ತಮ. ಅದು ಮುಗಿದರೆ ಬಟ್ಟಿಯಿಳಿಸಿದ ನೀರು, ಇಲ್ಲವೆ ಶುದ್ಧೀಕರಣ ಯಂತ್ರದ ನೀರು. ಲೀಟರಿಗೆ 50 ಮಿಲಿಗ್ರಾಮಿಗಿಂತ ಹೆಚ್ಚು ಲವಣ ಕರಗಿದ ನೀರನ್ನು ದೂರವಿಡಬೇಕು. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೀಳಲಿ.

ಗಿಡಗಳೆಷ್ಟೋ ಉಂಟು. ಬಾಯಿ ಮುಚ್ಚಿ ನೊಣ ಹಿಡಿಯುವ ವೀನಸ್ ಗಿಡವನ್ನು ಎಲ್ಲರೂ ಬಯಸುವರು. ಅದು ಅಮೆರಿಕೆಯ ಎರಡು ಕ್ಯಾರೊಲಿನಾ ಸಂಸ್ಥಾನಗಳದು. ಚಳಿಗಾಲದ ನಿದ್ರೆಯಿಲ್ಲದೆ ನಮ್ಮ ಸೆಕೆಯಲ್ಲಿ ಬಳಲುವುದು. ಮೇಘಾಲಯದ ಹೂಜಿಗಿಡಕ್ಕೆ ಬೇರು ನೀರಿನಲ್ಲಿ ನಿಲ್ಲುವುದು ಆಗದು. ನಮ್ಮ ನಾಡಿನದೇ ಆದ ಡ್ರೊಸೆರಾ ಬರ್ಮಾನಿಯು ಹೊಸ ತೋಟಗಾರರಿಗೆ ತಕ್ಕುದು. ನುಸಿ ಕುಳಿತ ಕೆಲವು ಸೆಕೆಂಡುಗಳಲ್ಲಿಯೇ ಅದರ ರೋಮಗಳು ಬಾಗುವುವು. ಬೀಜವು ಧೂಳಿನಂತಿರುವುದು; ಮೇಲೆ ಉದುರಿಸಿದರೆ ಸಾಕು, ಮುಚ್ಚಬಾರದು. ಜೊತೆಗೆ ಯುಟ್ರಿಕ್ಯುಲೇರಿಯವನ್ನೂ ಇಡಬಹುದು. ಅದರ ಬೇಟೆ ಕಣ್ಣಿಗೆ ಬೀಳದು. ಮಣ್ಣಿನೊಳಗಿನ ಸಣ್ಣ ಚೀಲಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಸೂಕ್ಷ್ಮಜಂತುಗಳನ್ನು ಹೀರಿಕೊಳ್ಳುವುವು. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯಲ್ಲಿ ಇದರ ನೇರಿಳೆ ಹೂಗಳನ್ನು ಜನರು ಸೀತೆಯ ಕಣ್ಣೀರೆನ್ನುವರು. ಪದವುಗಳಿಂದ ಇವನ್ನು ಕಿತ್ತು ತರುವವರುಂಟು. ಕಲ್ಲು ಕಡಿಯುವವರ ಯಂತ್ರಕ್ಕೆ ಸಿಕ್ಕದೆ ಉಳಿದ ನೆಲವನ್ನು ತೋಟಗಾರರೂ ಬರಿದು ಮಾಡಬೇಕೆ? ಬೆಳೆಸಿ ಮಾರುವವರಿಂದ ಬೀಜವನ್ನು ತರಿಸಿಕೊಳ್ಳಿರಿ.

ಸಸ್ಯಾಹಾರಿಗಳ ಮನೆಯಲ್ಲಿ ಮಾಂಸಾಹಾರಿ ಗಿಡವೇ ಎಂದು ನಮ್ಮ ಗೃಹಿಣಿಯು ಮೊದಮೊದಲು ಮೂಗು ಮುರಿದರು. ಈಗ ಸ್ನಾನಗೃಹದ ಸೂರಿನ ನೀರನ್ನು ಹಿಡಿದಿಡುವವರು ಅವರೇ.

ಎರಡನೆಯ ತೊಟ್ಟಿಗೆ ಈಗ ಎರಡು ವರ್ಷ. ಅಂದಿನ ನಮ್ಮ ಉತ್ತರವು ತಪ್ಪೆಂದು ಮೊಮ್ಮಗಳಿಗೆ ಅದನ್ನು ಹೂಡಿದ ದಿನವೇ ಒಪ್ಪಿಕೊಂಡೆವು. ಅವಳು ಏನನ್ನೂ ಹೇಳಲಿಲ್ಲ. ಕಳೆದ ಏಪ್ರಿಲಿನಲ್ಲಿ ಹಿಡಿದಿಟ್ಟ ಮಳೆನೀರು ತೀರಿತು. ಅಂಗಡಿಗೆ ಹೋಗಲು ಸೋಮಾರಿತನದಿಂದ, ಒಂದು ದಿನಕ್ಕೇನಾದೀತೆಂದು ಕೊಳವೆಬಾವಿಯ ನೀರನ್ನು ಚೊಂಬಿನಲ್ಲಿ ಹಿಡಿದು ಹಿತ್ತಿಲಿಗೆ ನಡೆದೆವು. ಅವಳು ಓಡಿಬಂದು ಎರಡು ಕೈಗಳನ್ನೂ ತೊಟ್ಟಿಯ ಮೇಲೆ ಅಡ್ಡಹಿಡಿದು ನಿಂತಳು. ಚೊಂಬಿನ ನೀರು ತುಳಸಿಗೆ ಹೋಯಿತು. ನಾವು ಅಂಗಡಿಗೆ ಹೊರಟೆವು.