ಸಹಿ ಗಂಡನದ್ದು, ಶರೀರ ಯಾರದ್ದು?

ನಮ್ಮ ಮನೆಯ ಹೆಣ್ಮಕ್ಕಳು ಆಸ್ಪತ್ರೆಗೆ ಹೋದರೆ ಡಾಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಹೆಚ್ಚಾಗಿ ಜೊತೆಗೆ ಹೋದವರು. ಆಪರೇಷನ್‌ಗೆ ಮುಂಚೆ ಬರುವ ಕಾಗದಕ್ಕೆ ಸಹಿ ಹಾಕುವುದು ಗಂಡ, ಅವನು ಗಲ್ಫಿನಲ್ಲಿದ್ದರೆ ಬಾಪ ಅಥವಾ ಮಾವ. ಪರೀಕ್ಷೆಯ ಟೇಬಲ್ ಮೇಲೆ ಮಲಗುವವಳ ಹತ್ತಿರ "ನಿಮಗೆ ಒಪ್ಪಿಗೆಯಾ?" ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ಅವಳಿಗೂ ಗೊತ್ತಿರುವುದಿಲ್ಲ.

ಕಾನೂನು ಹೇಳುವುದು ಬೇರೆಯೇ. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ದಿಲ್ಲಿಯ 44 ವರ್ಷದ ಮಹಿಳೆ 1995ರಲ್ಲಿ ಮುಟ್ಟಿನ ತೊಂದರೆಗೆಂದು ಕ್ಲಿನಿಕ್ಕಿಗೆ ಹೋಗಿದ್ದರು. ಲ್ಯಾಪರೋಸ್ಕೋಪಿ ಮೂಲಕ ಒಳಗೆ ನೋಡಿ ಕಾಯಿಲೆ ಪತ್ತೆ ಮಾಡುವುದಕ್ಕೆ ಅವರು ಒಪ್ಪಿದ್ದರು. ಅವರಿಗೆ ಅರಿವಳಿಕೆ ಕೊಟ್ಟ ಮೇಲೆ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನೇ ತೆಗೆಯಲಾಯಿತು. ರೋಗಿ ಪ್ರಾಯಕ್ಕೆ ಬಂದವಳು, ಬುದ್ಧಿ ಸ್ವಾಧೀನದಲ್ಲಿ ಇರುವವಳು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಹಾಗಿರುವಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು ಎಂದೂ ಸ್ಪಷ್ಟಪಡಿಸಿತು. ಹೆತ್ತ ಉಮ್ಮನಿಗೇ ಇಲ್ಲದ ಅಧಿಕಾರ ಗಂಡನಿಗೆ, ಮಾವನಿಗೆ ಎಲ್ಲಿಂದ ಬರಬೇಕು? ಗರ್ಭಪಾತದ ವಿಷಯದಲ್ಲೂ 1971ರ ಕಾಯ್ದೆ ಕೇಳುವುದು 18 ತುಂಬಿದ ಮಹಿಳೆಯ ಒಪ್ಪಿಗೆಯನ್ನು ಮಾತ್ರ, ಗಂಡನದ್ದನ್ನಲ್ಲ.

ಒಂದು ವಿನಾಯಿತಿ ಉಂಟು. ರೋಗಿಗೆ ಪ್ರಜ್ಞೆ ಇಲ್ಲ, ತಡವಾದರೆ ಜೀವ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ವೈದ್ಯರು ಯಾರ ಸಹಿಗೂ ಕಾಯಬೇಕಿಲ್ಲ. ಆದರೆ ಅದು ತುರ್ತಿನ ಮಾತು, ದಿನನಿತ್ಯದ್ದಲ್ಲ.

ಗುಪ್ತಾಂಗದ ಪರೀಕ್ಷೆ, ಸ್ತನದ ಪರೀಕ್ಷೆ, ಹೆರಿಗೆ ಕೋಣೆಯಲ್ಲಿ ಮತ್ತೆ ಮತ್ತೆ ನಡೆಯುವ ಒಳಪರೀಕ್ಷೆ, ಗಂಡಸರಲ್ಲಾದರೆ ಮೂಲವ್ಯಾಧಿ, ಹರ್ನಿಯಾ, ಪ್ರಾಸ್ಟೇಟ್ ಪರೀಕ್ಷೆ: ಇವುಗಳಲ್ಲಿ ಒಪ್ಪಿಗೆ ಎಂದರೆ ಅಡ್ಮಿಟ್ ಆಗುವಾಗ ಹಾಕಿದ ಒಂದು ಸಹಿಯಲ್ಲ. ಏನು ನೋಡುತ್ತಾರೆ, ಯಾಕೆ ನೋಡುತ್ತಾರೆ, ಯಾರು ನೋಡುತ್ತಾರೆ ಎಂದು ಮೊದಲೇ ತಿಳಿಸಬೇಕು. ಪರದೆ ಎಳೆಯಬೇಕು, ಬೇಕಾದಷ್ಟು ಭಾಗದ ಬಟ್ಟೆ ಮಾತ್ರ ಸರಿಸಬೇಕು. ನಡುವೆ "ಸಾಕು" ಎಂದರೆ ನಿಲ್ಲಿಸಬೇಕು. ಮಹಿಳಾ ರೋಗಿಯನ್ನು ಪುರುಷ ವೈದ್ಯ ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಇದನ್ನು ಕೇಳಿದರೆ ಡಾಕ್ಟರಿಗೆ ಅವಮಾನ ಮಾಡಿದಂತಲ್ಲ. ಸುಳ್ಳು ಆರೋಪದಿಂದ ಡಾಕ್ಟರಿಗೂ ಅದೇ ರಕ್ಷಣೆ.

ಮಂಗಳೂರು, ದೇರಳಕಟ್ಟೆ, ಸುಳ್ಯದ ಕಡೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿಗೆ ಹೋಗುವ ನಮಗೆ ಇನ್ನೊಂದು ವಿಷಯ ಗೊತ್ತಿರಬೇಕು. ಅಲ್ಲಿ ಪ್ರೊಫೆಸರ್ ಜೊತೆ ವಿದ್ಯಾರ್ಥಿಗಳೂ ಬರುತ್ತಾರೆ. ಅವರು ಕಲಿಯದೆ ನಾಳೆ ನಮಗೆ ಡಾಕ್ಟರುಗಳು ಸಿಗಲಾರರು. ಅವರಲ್ಲಿ ಬ್ಯಾರಿ ಮನೆಗಳ ಮಕ್ಕಳೂ ಇದ್ದಾರೆ. ಆದರೆ ಕಲಿಕೆಗೂ ಒಪ್ಪಿಗೆ ಬೇಕು. ಅಮೆರಿಕದಲ್ಲಿ ಅರಿವಳಿಕೆಯಲ್ಲಿದ್ದ ರೋಗಿಗಳ ಮೇಲೆ ವಿದ್ಯಾರ್ಥಿಗಳು ಅವರಿಗೆ ತಿಳಿಯದಂತೆ ಇಂತಹ ಪರೀಕ್ಷೆ ನಡೆಸುತ್ತಿದ್ದುದು ದೊಡ್ಡ ವಿವಾದವಾಗಿ, 2024ರ ಏಪ್ರಿಲ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಆಸ್ಪತ್ರೆಗಳಿಗೆ ಸೂಚಿಸಿತು. "ವಿದ್ಯಾರ್ಥಿಗಳು ನೋಡಬಹುದಾ?" ಎಂದು ಕೇಳಿದಾಗ ಹೌದು ಎನ್ನುವುದೂ ಬೇಡ ಎನ್ನುವುದೂ ರೋಗಿಗೆ ಬಿಟ್ಟದ್ದು. ಬೇಡ ಎಂದ ಮಾತ್ರಕ್ಕೆ ಚಿಕಿತ್ಸೆಯಲ್ಲಿ ಕಡಿಮೆ ಮಾಡುವ ಹಾಗಿಲ್ಲ.

ಭಾಷೆಯದ್ದೂ ಒಂದು ತೊಡಕು. ಇಂಗ್ಲಿಷಿನ ಫಾರಂ ಓದಲು ಬಾರದ, ಬ್ಯಾರಿ ಭಾಷೆ ಬಿಟ್ಟು ಬೇರೆ ಮಾತು ಸರಾಗವಾಗಿ ಬಾರದ ಹಿರಿಯ ಉಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ. ಅರ್ಥವಾಗದ ಕಾಗದಕ್ಕೆ ಒತ್ತಿಸಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಜೊತೆಗೆ ಹೋದ ಮಗ, ಮಗಳು, ಸೊಸೆ ಮಾಡಬೇಕಾದ ಕೆಲಸ ಇಲ್ಲಿದೆ: ಡಾಕ್ಟರ್ ಹೇಳಿದ್ದನ್ನು ಅವರ ಮಾತಿನಲ್ಲಿ ಅವರಿಗೆ ಹೇಳುವುದು, ಅವರ ಉತ್ತರವನ್ನು ಹಾಗೆಯೇ ಡಾಕ್ಟರಿಗೆ ಮುಟ್ಟಿಸುವುದು. ಅವರ ಬದಲು ನಾವೇ ಉತ್ತರ ಕೊಡುವುದಲ್ಲ.

ಒಪ್ಪಿಗೆಯ ಮಾತನ್ನು ಪರೀಕ್ಷೆ ತಪ್ಪಿಸಿಕೊಳ್ಳುವ ನೆಪ ಮಾಡಿಕೊಳ್ಳಬಾರದು ಎಂಬುದನ್ನೂ ಹೇಳಲೇಬೇಕು. ನಾಚಿಕೆಯಿಂದ ಎದೆಯ ಗಂಟನ್ನು ಮುಚ್ಚಿಟ್ಟು, ಬಿಳಿಸೆರಗನ್ನು, ರಕ್ತಸ್ರಾವವನ್ನು ಯಾರಿಗೂ ಹೇಳದೆ ಕೂತು, ಕೊನೆಗೆ ಕೈಮೀರಿದ ಮೇಲೆ ಆಸ್ಪತ್ರೆಗೆ ಓಡುವುದು ಇನ್ನೂ ದೊಡ್ಡ ಅಪಾಯ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಬೇಗ ಪತ್ತೆ ಮಾಡಿದರೆ ಗುಣಪಡಿಸಬಹುದು. ಹಿಜಾಬ್ ಪಾಲಿಸುವವಳಿಗೂ ಚಿಕಿತ್ಸೆಯ ಅಗತ್ಯಕ್ಕೆ ಬೇಕಾದಷ್ಟು ದೇಹ ತೋರಿಸಲು ಧರ್ಮದಲ್ಲಿ ಅವಕಾಶವಿದೆ. ಕೇಳಿ, ತಿಳಿಸಿ, ಮರ್ಯಾದೆಯಿಂದ ಪರೀಕ್ಷೆ ಮಾಡುವ ಕಡೆ ಹೆಂಗಸರು ಹೆದರದೆ ಹೋಗುತ್ತಾರೆ. ಒಮ್ಮೆ ಅವಮಾನವಾದರೆ ಮತ್ತೆ ಆ ಕಡೆ ಕಾಲಿಡುವುದಿಲ್ಲ. ಒಪ್ಪಿಗೆ ಪಡೆಯುವುದು ಚಿಕಿತ್ಸೆಗೆ ಅಡ್ಡಿಯಲ್ಲ, ಚಿಕಿತ್ಸೆಗೆ ದಾರಿ.

ತಪ್ಪು ನಡೆದರೆ ಸುಮ್ಮನಿರಬೇಕಿಲ್ಲ. ಖಾಸಗಿ ಆಸ್ಪತ್ರೆಯ ಬಗ್ಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ವೈದ್ಯರ ವರ್ತನೆಯ ಬಗ್ಗೆ ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ ದೂರು ಕೊಡಬಹುದು. ಆಸ್ಪತ್ರೆ ಎದುರು ಗುಂಪು ಸೇರಿ ಗಲಾಟೆ ಮಾಡುವುದರಿಂದ, ವಾಟ್ಸ್ಆ್ಯಪಿನಲ್ಲಿ ಹೆಸರು ಹರಿಬಿಡುವುದರಿಂದ ನೊಂದವಳಿಗೆ ನ್ಯಾಯ ಸಿಗುವುದಿಲ್ಲ. ಅವಳ ಖಾಸಗಿ ವಿಷಯ ಊರಿಡೀ ಹರಡುತ್ತದೆ ಅಷ್ಟೇ.

ಜಮಾಅತ್‌ಗಳು, ಮಹಿಳಾ ಸಂಘಟನೆಗಳು ರಕ್ತದಾನ ಶಿಬಿರ, ಆರೋಗ್ಯ ತಪಾಸಣೆ ಶಿಬಿರಗಳನ್ನು ಚೆನ್ನಾಗಿಯೇ ನಡೆಸುತ್ತಿವೆ. ಮುಂದಿನ ಶಿಬಿರದಲ್ಲಿ ಒಂದು ಅರ್ಧ ಗಂಟೆ ಮಹಿಳಾ ವೈದ್ಯೆಯೊಬ್ಬರಿಂದ ಈ ಹಕ್ಕುಗಳನ್ನು ಬ್ಯಾರಿ ಭಾಷೆಯಲ್ಲೇ ಹೇಳಿಸಲಿ. ಮನೆಯ ಗಂಡಸರೂ ಅದನ್ನು ಕೇಳಿಸಿಕೊಳ್ಳಲಿ. ಮುಂದೆ ಆಸ್ಪತ್ರೆಯಲ್ಲಿ ಕಾಗದ ತಮ್ಮ ಕೈಗೆ ಬಂದಾಗ, ಅದನ್ನು ಸಹಿ ಹಾಕಬೇಕಾದವಳ ಕೈಗೇ ಕೊಡುವಷ್ಟು ತಿಳಿವಳಿಕೆ ನಮಗೆ ಬರಲಿ.