ತಂದೆಯಿಲ್ಲದ ಮನೆಯ ‘ಯಜಮಾನ’

ತಂದೆ ಲಿಂಗೈಕ್ಯರಾದ ಮನೆಗೆ ಸಾಂತ್ವನ ಹೇಳಲು ಹೋದ ನಾವು ಹದಿನಾಲ್ಕರ ಹುಡುಗನ ಬೆನ್ನು ತಟ್ಟಿ, ‘ಇನ್ನು ಮನೆಗೆ ನೀನೇ ಯಜಮಾನ ತಮ್ಮಾ, ಅಳಬಾರದು’ ಎಂದು ಹೇಳಿ ಬರುತ್ತೇವೆ. ಆಡಿದವರಿಗೆ ಅದು ಸಮಾಧಾನದ ಮಾತು. ಕೇಳಿದ ಮಗುವಿಗೆ ಅಪ್ಪಣೆ. ಅಂದಿನಿಂದ ಅವನು ತಾಯಿಯ ಮುಂದೆ ಅಳುವುದಿಲ್ಲ, ಶಾಲೆಯ ಖರ್ಚು ಕೇಳುವುದಿಲ್ಲ, ಆಟಕ್ಕೂ ಹೋಗುವುದಿಲ್ಲ. ‘ಎಷ್ಟು ಬೇಗ ಗಂಭೀರನಾದ’ ಎಂದು ನಾವೇ ಹೊಗಳುತ್ತೇವೆ.

ತಾಯಿಯೊಬ್ಬರೇ ಸಾಕಿದ ಮಕ್ಕಳು ಕೆಡುತ್ತಾರೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಮಗನ ನಿದ್ರೆ, ಊಟ, ಓದು, ಗೆಳೆತನ ಎರಡು ವಾರ ಕಳೆದರೂ ಹಳಿಗೆ ಬಾರದಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಾಯಿಗೆ ಬಂದರೆ, ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಮುಂದೆ ಕನ್ಯೆ ಸಿಗದೆಂಬ ಅಂಜಿಕೆಯಿಂದ ಇದನ್ನು ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಅಂಥವರಿಗೂ 2022ರ ಅಕ್ಟೋಬರಿನಿಂದ ಸರಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಹಗಲಿರುಳು ಯಾವಾಗ ಕರೆ ಮಾಡಿದರೂ ಶುಲ್ಕವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ತಾಯಂದಿರು ತಮ್ಮ ದುಃಖವನ್ನು ಮಗನಿಂದ ಮರೆಮಾಚುವುದೂ ಬೇಡ. ರಾತ್ರಿ ಪೂಜೆಯಾದ ಮೇಲೆ ಅವನೊಡನೆ ಕುಳಿತು ತಂದೆಯ ನೆನಪು ತೆಗೆದು ಮಾತನಾಡಲಿ. ಹೊಲದ ಕಾಗದಪತ್ರ, ಬ್ಯಾಂಕಿನ ಓಡಾಟವನ್ನು ಸೋದರಮಾವನೋ ಚಿಕ್ಕಪ್ಪನೋ ವಹಿಸಿಕೊಂಡರೆ, ಹುಡುಗ ಸಂಜೆ ಚೆಂಡಾಡಲು ಹೋದಾನು.